ದೋಣಿಯ ಎದೆಗೆ ಬೆರಳಿಟ್ಟ ಭಾವ

ನನ್ನ ಭಾವನ ಎಡಗೈ ನಡುಬೆರಳಿನ ಬೆನ್ನಿನ ಮೇಲೆ, ಉಗುರಿಗಿಂತ ಸ್ವಲ್ಪ ಹಿಂದೆ, ಜಡ್ಡುಗಟ್ಟಿದ ಒಂದು ಜಾಗವಿತ್ತು. ಆ ಬೆರಳನ್ನು ಯಾವುದರ ಮೇಲಾದರೂ ಚಪ್ಪಟೆಯಾಗಿ ಊರಿ, ಬಲಗೈ ನಡುಬೆರಳಿನ ತುದಿಯಿಂದ ಟಕ್ ಟಕ್ ಎಂದು ಬಡಿದು, ತಲೆ ವಾಲಿಸಿ ಕೇಳುವುದು ಅವರ ಅಭ್ಯಾಸ. ಎದೆಯೊಳಗೆ ನೀರು ತುಂಬಿದೆಯೇ, ಗಾಳಿ ಆಡುತ್ತಿದೆಯೇ ಎಂದು ತಿಳಿಯಲು ಡಾಕ್ಟರುಗಳು ಕಲಿಯುವ ವಿದ್ಯೆ ಅದು. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಕಲಿತದ್ದನ್ನು ಅಮೆರಿಕಕ್ಕೆ ಬಂದು ಎಷ್ಟೋ ವರ್ಷವಾದರೂ ಆ ಬೆರಳು ಮರೆತಿರಲಿಲ್ಲ. ಅಂಗಡಿಯಲ್ಲಿ ಕಲ್ಲಂಗಡಿಯನ್ನು ತಟ್ಟುತ್ತಿದ್ದರು. ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಸತ್ಯನಾರಾಯಣ ಪೂಜೆ ನಡೆಯುತ್ತಿರುವಾಗಲೇ ಗೋಡೆ ತಟ್ಟಿ, "ಇಲ್ಲಿ ಟೊಳ್ಳು ಕಣ್ರೀ, ಬಿಲ್ಡರ್‌ನ ಕರೆಸಿ" ಎಂದು ಮನೆಯವರ ಮುಖ ಕಪ್ಪಾಗಿಸಿದ್ದರು. ಅಕ್ಕ ಆ ದಿನ ಕಾರಿನಲ್ಲಿ ಅವರ ಜೊತೆ ಮಾತಾಡಲಿಲ್ಲ. ಗೋಡೆ ಟೊಳ್ಳಾಗಿತ್ತು ಎನ್ನುವುದು ಬೇರೆ ಮಾತು.

ಭಾವ ಅರಿವಳಿಕೆಯ ಡಾಕ್ಟರು. ಆಪರೇಷನ್ನಿಗೆ ಮೊದಲು ರೋಗಿಗೆ ನಿದ್ದೆ ಬರಿಸಿ, ಮುಗಿಯುವವರೆಗೂ ತಲೆಯ ಹತ್ತಿರ ಕೂತು ಕಾಯುವವರು. "ಮಲಗಿಸೋದು ಯಾರು ಬೇಕಾದ್ರೂ ಮಾಡ್ತಾರೆ, ಎಬ್ಬಿಸೋದೇ ನನ್ನ ಕೆಲಸ" ಎನ್ನುತ್ತಿದ್ದರು. ಇದನ್ನು ಅವರ ಬಾಯಲ್ಲಿ ಕೇಳದ ಕನ್ನಡಿಗರು ವಾಷಿಂಗ್ಟನ್ ಸುತ್ತಮುತ್ತ ಆಗ ಯಾರೂ ಇರಲಿಲ್ಲ ಎನ್ನಬಹುದು. ರೋಗಿಯ ಬೆರಳಿಗೆ ಸಿಕ್ಕಿಸಿದ ಯಂತ್ರ ಸದಾ ಬೀಪ್ ಬೀಪ್ ಎನ್ನುತ್ತದಂತೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಸ್ವರವೂ ಇಳಿಯುತ್ತದಂತೆ. "ನಾನು ಅದರ ಮುಖ ನೋಡೋದೇ ಇಲ್ಲ. ಕಿವಿ ಸಾಕು" ಎಂದು ಹೇಳುವಾಗ ಅವರ ಮುಖದಲ್ಲಿ ಸಂಗೀತಗಾರರ ಜಂಬವಿರುತ್ತಿತ್ತು. ಅಕ್ಕ ಒಳಗಿಂದ, "ಹೆಂಡತಿ ಮಾತು ಮಾತ್ರ ಆ ಕಿವಿಗೆ ಬೀಳಲ್ಲ ನೋಡು" ಎನ್ನುವಳು. ನಾವೆಲ್ಲ ನಗುತ್ತಿದ್ದೆವು.

ಅವರ ಮನೆ ವಾಷಿಂಗ್ಟನ್ನಿನ ಉತ್ತರಕ್ಕಿರುವ ಕ್ಲಾರ್ಕ್ಸ್‌ಬರ್ಗ್‌ನಲ್ಲಿ. ಈಗಿನ ಸಾಲುಮನೆಗಳು ಇನ್ನೂ ಬರದೆ ಸುತ್ತಲೂ ಜೋಳದ ಹೊಲಗಳಿದ್ದ ಕಾಲದಲ್ಲಿ ಕೊಂಡ ಜಾಗ. ಹಿತ್ತಲಲ್ಲಿ ದೊಡ್ಡ ಶೆಡ್ಡು. ನಾನು ಮತ್ತು ನನ್ನ ಗಂಡ ನದಿಯಾಚೆ ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿದ್ದೆವು. ನನಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. ಅದಕ್ಕೇ ಭಾವ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಲೈಬ್ರರಿ" ಎಂದೇ ಕರೆಯುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಒಂದು ವಸಂತದಲ್ಲಿ ಆ ದೋಣಿ ಬಂತು. ನಾರ್ತ್ ಕೆರೊಲೈನಾದ ಕಡಲತೀರದ ಕಡೆ ಯಾರೋ ಕಡಲೆಕಾಯಿ ಬೆಳೆಗಾರನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಬಿದ್ದಿತ್ತಂತೆ. ಅರವತ್ತರ ದಶಕದಲ್ಲಿ ತೆರೆದ ಸಮುದ್ರದಲ್ಲಿ ಪಂದ್ಯಕ್ಕೆ ಓಡಿಸುತ್ತಿದ್ದ ಫೈಬರ್‌ಗ್ಲಾಸಿನ ದೋಣಿ. ಉದ್ದ ಮೂತಿ, ಹಿಂದೆ ಎರಡು ಇಂಜಿನ್ನು. ಭಾವ ಹುಟ್ಟಾ ಮೈಸೂರಿನವರು, ಕಾರಂಜಿ ಕೆರೆಯಲ್ಲೂ ದೋಣಿ ಹತ್ತಿದವರಲ್ಲ. ಅವರಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ನನಗೆ ಕೊನೆಗೂ ತಿಳಿಯಲಿಲ್ಲ. ಅಕ್ಕ ಆ ದೋಣಿಗೆ ಮೊದಲ ದಿನವೇ "ಶನಿ" ಎಂದು ಹೆಸರಿಟ್ಟಳು, ಮುಟ್ಟಲೂ ಇಲ್ಲ.

ಅಪ್ಪನ ಹುಚ್ಚು ಮಗಳಿಗೂ ಅಂಟಿತು. ಅವಳಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಪ್ಪನ ಜೊತೆ ಬಣ್ಣ ಉಜ್ಜುತ್ತಿದ್ದಳು. ಬಿಳಿ ಬಣ್ಣದಡಿ ಹಸಿರು, ಹಸಿರಿನಡಿ ಕಿತ್ತಳೆ, ಆ ಕಿತ್ತಳೆಯ ಮೇಲೆ ಮಸುಕಾದ ಪಂದ್ಯದ ಸಂಖ್ಯೆ. ಅದು ಕಂಡ ದಿನ ಇಬ್ಬರೂ ಕುಣಿದಾಡಿದರು. ಶರತ್ಕಾಲದಲ್ಲಿ ಚೆಸಾಪೀಕ್ ಕೊಲ್ಲಿಯಲ್ಲಿ ಹಳೆಯ ಪಂದ್ಯದ ದೋಣಿಗಳು ಒಟ್ಟು ಸೇರುವುದಿತ್ತು. ಅಲ್ಲಿ ತಮ್ಮ ದೋಣಿಯನ್ನು ಪೂರ್ತಿ ವೇಗದಲ್ಲಿ ಓಡಿಸುವುದು ಭಾವನ ಆಸೆ. ಪಕ್ಕದ ಸೀಟಿನಲ್ಲಿ ಮಗಳು.

ಅಕ್ಕ ಬೇಡವೆಂದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ಒಂದು ಭಾನುವಾರ ನಮ್ಮೆದುರೇ ಭಾವ ಹೇಳಿದರು: "ಆಯ್ತು. ಈ ಬೋಟಿಗೆ ಹಿಂದೆ ಏನಾದ್ರೂ ಆ್ಯಕ್ಸಿಡೆಂಟ್ ಆಗಿದೆ ಅಂತ ಪ್ರೂವ್ ಆಗ್ಲಿ, ಅವಳನ್ನ ಹತ್ತಿಸಲ್ಲ. ಏನೂ ಆಗಿಲ್ಲ ಅಂತಾದ್ರೆ ನೀನು ಅಡ್ಡ ಬರೋ ಹಾಗಿಲ್ಲ. ಲೈಬ್ರರಿ, ನೀನೇ ಹುಡುಕಿ ಹೇಳು."

ಹೀಗೆ ಗಂಡಹೆಂಡತಿ ಜಗಳದ ನಡುವೆ ನಾನು ಸಿಕ್ಕಿಕೊಂಡೆ. ಅಡುಗೆಮನೆಯಲ್ಲಿ ಅಕ್ಕ ನನ್ನ ಕೈ ಹಿಡಿದು, "ಏನಾದ್ರೂ ಕೆಟ್ಟದ್ದು ಸಿಗೋ ಹಾಗೆ ಮಾಡೇ" ಎಂದಳು. ಬಾಗಿಲಲ್ಲಿ ಭಾವ, "ಒಳ್ಳೆ ಸುದ್ದಿ ತಗೊಂಡು ಬಾ" ಎಂದರು. ನಾನು ಗ್ರಂಥಾಲಯದ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತು ಹಳೆಯ ಪತ್ರಿಕೆಗಳನ್ನು ತಿರುಗಿಸತೊಡಗಿದೆ. ಕಣ್ಣು ಉರಿಯುವಷ್ಟು ನೋಡಿದ ಮೇಲೆ ಒಂದು ಚಿತ್ರ ಸಿಕ್ಕಿತು. ನಮ್ಮ ದೋಣಿಯದೇ ಸಂಖ್ಯೆ, ಪಕ್ಕದಲ್ಲಿ ಗೆದ್ದ ಇಬ್ಬರು ನಗುತ್ತಿದ್ದಾರೆ. ಅದರ ಪ್ರತಿ ತೋರಿಸಿದಾಗ ಭಾವ ಅದನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದರು. ಅಕ್ಕ ದಿನಕ್ಕೆ ಎಷ್ಟು ಸಲ ಹಾಲು ಮೊಸರು ತೆಗೆಯಬೇಕೋ ಅಷ್ಟು ಸಲವೂ ಅದನ್ನು ನೋಡಬೇಕಾಯಿತು.

ಆ ಚಿತ್ರದಲ್ಲಿದ್ದವರಲ್ಲಿ ಒಬ್ಬರು ಅಟ್ಲಾಂಟಾದಲ್ಲಿ ಇನ್ನೂ ಇದ್ದಾರೆಂದು ಹಳೆಯ ದೋಣಿಗಳ ಹುಚ್ಚಿದ್ದವರೊಬ್ಬರು ಹೇಳಿದರು. ಭಾವ, ಮಗಳು ಮತ್ತು ನಾನು ಬೇಸಿಗೆಯ ಒಂದು ರಜೆಯಲ್ಲಿ ಕಾರು ಹತ್ತಿದೆವು. ಕೆರೊಲೈನಾಗಳ ಪೈನ್ ಮರಗಳು ಮುಗಿಯುವಂತೆಯೇ ಕಾಣಲಿಲ್ಲ. ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆಯನ್ನು ದಾರಿಯ ಪಕ್ಕದ ಬೆಂಚಿನ ಮೇಲೆ ತಿಂದೆವು. ಮಗಳು ಕೇಳಿದಳು, "ಚಿಕ್ಕಮ್ಮ, ವಾಟ್ ಇಫ್ ಅವರು ಬ್ಯಾಡ್ ಥಿಂಗ್ ಹೇಳಿದ್ರೆ?" ಭಾವ ಅದಕ್ಕೆ ಉತ್ತರಿಸದೆ ಡಬ್ಬಿ ಮುಚ್ಚಿದರು. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲು ಇಷ್ಟವಿರಲಿಲ್ಲವೋ ಎಂದು ನನಗೆ ಆಗ ಅನ್ನಿಸಲೂ ಇಲ್ಲ.

ಅಟ್ಲಾಂಟಾದ ಮುದುಕರು ಎತ್ತರದ ಮನುಷ್ಯ, ಎಂದೋ ಮುರಿದು ಕೂಡಿದ ಭುಜದ ಮೂಳೆ ಅಂಗಿಯೊಳಗಿಂದ ಉಬ್ಬಿ ಕಾಣುತ್ತಿತ್ತು. ತಣ್ಣನೆಯ ಸಿಹಿ ಟೀ ಕೊಟ್ಟು, ಭಾವ ತಂದಿದ್ದ ಫೋಟೋಗಳನ್ನು ಒಂದೊಂದಾಗಿ ನೋಡಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಒಂದೇ ಅಚ್ಚಿನಿಂದ ತೆಗೆದ ಎರಡು ದೋಣಿಗಳಿದ್ದವು. ಒಂದು ಗೆದ್ದದ್ದು, ಅವರು ಓಡಿಸಿದ್ದು. ಇನ್ನೊಂದು ಅಲೆಯ ಮೇಲಿಂದ ಹಾರಿ ಇಳಿಯುವಾಗ ಮೂತಿ ಮುರಿದುಕೊಂಡದ್ದು.

"ಅದರಲ್ಲಿ ನನ್ನ ತಮ್ಮ ಇದ್ದ" ಎಂದರು. ಫೋಟೋಗಳನ್ನು ಒಟ್ಟುಮಾಡಿ ಭಾವನ ಮುಂದಿಟ್ಟರು.

ಆಮೇಲೆ ಎರಡೂ ದೋಣಿಗಳು ಒಬ್ಬನೇ ವ್ಯಾಪಾರಿಯ ಕೈಗೆ ಹೋದವು. ಮುರಿದದ್ದಕ್ಕೆ ಆತ ಹೊಸ ಮೂತಿ ಕೂಡಿಸಿದನಂತೆ, ಎರಡಕ್ಕೂ ಒಂದೇ ಕಿತ್ತಳೆ ಬಳಿದು ಮಾರಿದನಂತೆ. ಗೆದ್ದ ಸಂಖ್ಯೆಯನ್ನು ಯಾವುದರ ಮೇಲೆ ಬರೆದನೋ ಯಾರಿಗೆ ಗೊತ್ತು. "ಸಂಖ್ಯೆ ಅಂದರೆ ಬಣ್ಣ ಅಷ್ಟೇ, ಡಾಕ್ಟರ್. ಬಣ್ಣವನ್ನು ಯಾವುದರ ಮೇಲೂ ಬಳಿಯಬಹುದು. ನಿಮ್ಮದು ಯಾವುದು ಎಂದು ನಾನು ಹೇಳಲಾರೆ. ಕೂಡಿಸಿದ್ದರೆ ಒಳಗೆಲ್ಲೋ ಹೊಲಿಗೆ ಇರುತ್ತದೆ."

ಹಿಂದಿರುಗುವ ದಾರಿಯುದ್ದಕ್ಕೂ ಭಾವನ ಬೆರಳು ಸ್ಟೀರಿಂಗನ್ನು ತಟ್ಟುತ್ತಲೇ ಇತ್ತು. ಮನೆಗೆ ಬಂದವರೇ ಶೆಡ್ಡಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡರು. ಕೇಳುವಾಗ ಯಾರೂ ಉಸಿರು ಬಿಡಬಾರದು ಎನ್ನುವವರು ಅವರು. ಸೀಮೆಸುಣ್ಣ ಹಿಡಿದು ಮೂತಿಯಿಂದ ಹಿಂಭಾಗದವರೆಗೆ ಆ ದೋಣಿಯನ್ನು ತಟ್ಟಿದರು. ಸಂಜೆ ಹೊರಗೆ ಬಂದಾಗ ಮೈಯೆಲ್ಲ ಧೂಳು, ಮುಖದಲ್ಲಿ ಬೆಳಕು. "ಈ ತುದಿಯಿಂದ ಆ ತುದಿಗೆ ಒಂದೇ ಸ್ವರ. ಹೊಲಿಗೆಯೂ ಇಲ್ಲ, ಗಿಲಿಗೆಯೂ ಇಲ್ಲ. ಇದು ಗೆದ್ದದ್ದೇ."

"ಯಾರಾದ್ರೂ ತಿಳಿದವರಿಗೆ ತೋರಿಸ್ರೀ" ಎಂದಳು ಅಕ್ಕ.

"ಸಾವಿರಾರು ಎದೆ ತಟ್ಟಿದ ಕೈ ಕಣೇ ಇದು. ಇನ್ಯಾರಿಗೆ ತೋರಿಸ್ಲಿ?"

ಕರಾರು ಕರಾರೇ. ಅಕ್ಕ ಸುಮ್ಮನಾದಳು. ಆದರೆ ಆ ಬೇಸಿಗೆಯೆಲ್ಲ ನನಗೆ ಫೋನ್ ಮಾಡಿ ಏನೂ ಹೇಳದೆ ಉಸಿರು ಬಿಡುತ್ತಿದ್ದಳು. ನನಗೂ ಊಟ ರುಚಿಸುತ್ತಿರಲಿಲ್ಲ.

ದೋಣಿಗಳು ಸೇರುವ ಶನಿವಾರ ಆಯುಧಪೂಜೆಗೆ ಹತ್ತಿರವೇ ಬಂತು. ಇಲ್ಲಿ ನಮ್ಮ ಹಬ್ಬಗಳೆಲ್ಲ ಹೇಗೂ ಶನಿವಾರಕ್ಕೆ ಸರಿಯುತ್ತವೆ. ದೋಣಿಗೆ ಪೂಜೆ ಮಾಡಿಯೇ ನೀರಿಗಿಳಿಸಬೇಕೆಂದು ಭಾವನ ಹಟ. ಕೊಲ್ಲಿಯ ದಡದಲ್ಲಿ ನೀರಿಗೆ ಇಳಿಜಾರಾದ ಕಾಂಕ್ರೀಟು. ಅದರ ತಲೆಯಲ್ಲಿ ಟ್ರೈಲರಿನ ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತ ನಿಂತ ದೋಣಿ. ಮೂತಿಗೆ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ. ಟ್ರೈಲರಿನ ಚಕ್ರದಡಿ ನಿಂಬೆಹಣ್ಣು. ನಮ್ಮ ಕಡೆಯ ಕೆಲವು ಕುಟುಂಬಗಳು ಚಿತ್ರಾನ್ನದ ಡಬ್ಬಿ ಹಿಡಿದು ಬಂದಿದ್ದವು. ಅಟ್ಲಾಂಟಾದ ಮುದುಕರೂ ಭಾವನ ಕರೆಗೆ ಓಗೊಟ್ಟು ಅಷ್ಟು ದೂರದಿಂದ ಬಂದಿದ್ದರು. ಟೋಪಿ ಹಣೆಗೆ ಎಳೆದುಕೊಂಡು ಸ್ವಲ್ಪ ಆಚೆ ನಿಂತಿದ್ದರು. ಮಗಳು ಲೈಫ್ ಜಾಕೆಟ್ ತೊಟ್ಟು, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಸಿದ್ಧವಾಗಿದ್ದಳು. ಗಾಳಿ ಬೀಸುತ್ತಿತ್ತು. ದೂರದ ನೀರಿನಲ್ಲಿ ಬಿಳಿ ನೊರೆ ಏಳುತ್ತಿತ್ತು.

ಕಾಯಿ ಒಡೆಯುವ ಹೊತ್ತಿಗೆ ಗೊಂದಲ. ಇಳಿಜಾರಿನಲ್ಲಿ ಏನನ್ನೂ ಒಡೆಯಕೂಡದೆಂದು ಅಲ್ಲಿನ ಮೇಲ್ವಿಚಾರಕ ಮೊದಲೇ ಹೇಳಿದ್ದ. ಸುತ್ತ ಹುಲ್ಲು, ಒಂದು ಕಲ್ಲೂ ಇಲ್ಲ. ಯಾರೋ ಒಬ್ಬ ಅಂಕಲ್, "ಮೂತಿಗೇ ಒಡೀರಿ, ಅಮೆರಿಕನ್ನರು ಶಾಂಪೇನ್ ಬಾಟಲ್ ಹಾಗೇ ತಾನೇ ಒಡೆಯೋದು? ಅಲ್ಲಿ ಸ್ಟೀಲ್ ರಿಂಗ್ ಇದೆಯಲ್ಲ" ಎಂದರು. ಗಾಡಿಯ ಮುಂದೆ ಒಡೆಯುತ್ತಾರೆಯೇ ಹೊರತು ಗಾಡಿಗೇ ಒಡೆಯುವುದಿಲ್ಲ. ಆದರೆ ಆ ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಮಗಳು, "ಅಮ್ಮ, ಪ್ಲೀಸ್, ನೀನ್ ಮಾಡು. ಫಾರ್ ಮಿ" ಎಂದು ಕಾಯಿಯನ್ನು ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಮೊದಲ ಸಲ ಆ ದೋಣಿಯ ಹತ್ತಿರ ಹೋದಳು. ಕಾಯಿ ಎತ್ತಿದಳು. ವಸಂತದಿಂದಲೂ ನುಂಗಿದ್ದ ಸಿಟ್ಟೆಲ್ಲ ಆ ಕೈಗೆ ಬಂದಿರಬೇಕು. ಗುರಿ ತಪ್ಪಿತು. ಕಾಯಿ ಉಕ್ಕಿನ ಬಳೆಗೆ ತಗಲದೆ ಅದರ ಪಕ್ಕದಲ್ಲಿ, ಹೊಳೆಯುವ ಬಣ್ಣದ ಮೇಲೆ ಬಿತ್ತು.

ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಒದ್ದೆ ಮೂಟೆಯನ್ನು ಬಡಿದ ಹಾಗೆ, ದಬ್ ಎಂದಿತು. ಕಾಯಿ ಒಡೆಯಲಿಲ್ಲ. ಅಕ್ಕ ಗಾಬರಿಯಾಗಿ ಇನ್ನೊಮ್ಮೆ ಬೀಸಿದಳು. ಈ ಸಲ ಏಟು ಹಿಂದಕ್ಕೆ, ದೋಣಿಯ ಪಕ್ಕೆಗೆ ಬಿತ್ತು. ಠಣ್ ಎಂದು ಚೂಪಾದ ಸದ್ದು. ಕಾಯಿ ಹೋಳಾಗಿ ನೀರು ಚೆಲ್ಲಿತು. ಎರಡು ಏಟು, ಎರಡು ಬೇರೆ ಬೇರೆ ಸದ್ದು. ಸುತ್ತ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮುದುಕರು ಟೋಪಿ ತೆಗೆದರು.

ಭಾವ ಚಪ್ಪಾಳೆ ತಟ್ಟಿ ನಗುತ್ತಿದ್ದರು. "ಭೇಷ್! ನಡೀರಿ, ನಡೀರಿ, ಟೈಮಾಯ್ತು."

"ಅಪ್ಪ" ಎಂದಳು ಮಗಳು. "ದಟ್ ಸೌಂಡೆಡ್ ವಿಯರ್ಡ್. ಫಸ್ಟ್ ಒಂದು. ಕೇಳ್ಲಿಲ್ವಾ?"

"ಏನು ವಿಯರ್ಡು? ಎರಡೂ ಒಂದೇ." ಭಾವ ಮುಂದೆ ಹೋಗಿ ಎಡಗೈ ಬೆರಳನ್ನು ಮೂತಿಯ ಮೇಲೆ ಊರಿ ತಟ್ಟಿದರು. ಹಿಂದೆ ಸರಿದು ಪಕ್ಕೆಯ ಮೇಲೆ ತಟ್ಟಿದರು. "ನೋಡು, ಒಂದೇ ಸ್ವರ." ಬೆರಳ ಏಟಿಗೂ ಮೂತಿ ಮಂಕಾಗಿ, ಪಕ್ಕೆ ಟಕ್ಕೆಂದು ಉತ್ತರಿಸಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಚಿತ್ರಾನ್ನದ ಡಬ್ಬಿ ಹಿಡಿದು ನಿಂತವರಿಗೂ ಕೇಳಿಸಿತು. ಭಾವ ಎಲ್ಲರ ಮುಖ ನೋಡಿದರು. ಮೊದಲು ಅವರಿಗೆ ಸಿಟ್ಟು ಬಂತು. ಬಾಯಿ ತೆರೆದರು. ಆಮೇಲೆ ಅಕ್ಕನ ಮುಖ ನೋಡಿ ಬಾಯಿ ಮುಚ್ಚಿದರು. ಅಕ್ಕ ಗೆದ್ದವಳ ಹಾಗೆ ಕಾಣುತ್ತಿರಲಿಲ್ಲ, ಹೆದರಿದ್ದಳು.

ಭಾವ ದೋಣಿಗೆ ಬೆನ್ನು ಮಾಡಿ ನಿಂತು ಕಣ್ಣು ಮುಚ್ಚಿದರು. ಮಗಳಿಗೆ ಹೇಳಿದರು, "ನೀನು ತಟ್ಟು. ಎಲ್ಲಿ ಅಂತ ಹೇಳಬೇಡ. ನಾನು ಹೇಳ್ತೀನಿ."

ಅವಳು ತಟ್ಟಿದಳು. "ಮೂತಿ" ಎಂದರು. ಪಕ್ಕೆಯಾಗಿತ್ತು. ಅವಳು ಮತ್ತೆ ತಟ್ಟಿದಳು. "ಪಕ್ಕೆ." ಅದೂ ತಪ್ಪು. ಅವಳು ಮೂರನೆಯ ಸಲ ತಟ್ಟಿದಳು. ಭಾವ ದೋಣಿಯತ್ತ ತಿರುಗಿದರು. ಕಣ್ಣು ತೆರೆದು, ಕಾಯಿ ಬಿದ್ದ ಜಾಗದಲ್ಲಿ ಬಣ್ಣ ಸಿಡಿದು ಕಾಣುತ್ತಿದ್ದ ಬೂದು ಪುಟ್ಟಿಯನ್ನು ಉಗುರಿನಿಂದ ಕೆರೆದರು. ಗೋಡೆಯ ಬಿರುಕಿಗೆ ತುಂಬುವಂಥದ್ದು, ಸುಣ್ಣದಂತೆ ಉದುರಿತು. ಮುದುಕರು ಹತ್ತಿರ ಬಂದು ಜೇಬಿನಿಂದ ಚಾಕು ತೆಗೆದು ಕೊಟ್ಟರು. ಇಬ್ಬರೂ ಸೇರಿ ಕೆರೆದರು. ಪುಟ್ಟಿಯಡಿ ಹೊಲಿಗೆ ಸಿಕ್ಕಿತು. ಸೊಂಟಕ್ಕೆ ಕಟ್ಟಿದ ಡಾಬಿನ ಹಾಗೆ ಮೂತಿಯ ಸುತ್ತ ಹೋಗಿತ್ತು. ಭಾವ ಚಾಕುವಿನ ಅಲಗನ್ನು ಅದರೊಳಗೆ ಒತ್ತಿದರು. ಹಿಡಿಯವರೆಗೂ ಹೋಯಿತು.

"ಇದು ಅದೇ" ಎಂದರು ಮುದುಕರು. ತಮ್ಮನ ದೋಣಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತರು.

ಭಾವ ಮಗಳ ಲೈಫ್ ಜಾಕೆಟ್ಟಿನ ಬಕಲುಗಳನ್ನು ತಾವೇ ಬಿಚ್ಚಿದರು. ನೀರಿನ ಮೇಲೆ ಬೇರೆಯವರ ಇಂಜಿನ್ನುಗಳು ಗರ್ಜಿಸತೊಡಗಿದ್ದವು. ನಾವು ಟ್ರೈಲರು ಎಳೆದುಕೊಂಡು ಹಿಂದಿರುಗಿದೆವು.

ಅಲ್ಲಿಗೆ ನನ್ನ ಎದೆಯ ಭಾರ ಇಳಿದಿತ್ತು. ಮಗು ಉಳಿಯಿತು, ಇನ್ನೇನು ಬೇಕು ಎಂದುಕೊಂಡಿದ್ದೆ. ಮನೆಯಲ್ಲಿ ಅಕ್ಕ ಕಾಫಿ ಕೊಟ್ಟಳು. ಭಾವ ಲೋಟ ಮುಟ್ಟಲಿಲ್ಲ.

"ಬೋಟ್ ಹಾಳಾಗ್ಲಿ" ಎಂದರು. "ಲೈಬ್ರರಿ, ಆ ಮೆಷಿನ್ನಿನ ಸ್ವರ ಇಳಿಯುತ್ತೆ ಅಂತಿದ್ನಲ್ಲ. ಎಷ್ಟು ದಿನದಿಂದ ಅದು ನನಗೆ ಒಂದೇ ಥರ ಕೇಳ್ತಿದೆಯೋ ಗೊತ್ತಿಲ್ಲ. ಎಲ್ಲಾ ಪೇಷೆಂಟ್ಸೂ ಚೆನ್ನಾಗಿದ್ದಾರೆ, ಅದಕ್ಕೇ ಇಳೀತಿಲ್ಲ ಅಂದ್ಕೊಂಡಿದ್ದೆ." ಸ್ವಲ್ಪ ತಡೆದು ಹೇಳಿದರು, "ಸೋಮವಾರ ಬೆಳಿಗ್ಗೆ ನನಗೆ ಕೇಸ್ ಇದೆ. ಸಣ್ಣ ಮಗು."

ಅಕ್ಕ ಎದ್ದು ಹೋಗಿ ಫೋನನ್ನು ತಂದು ಅವರ ಮುಂದಿಟ್ಟಳು. ಅವರು ತಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಕಿವಿ ಪರೀಕ್ಷೆಯಾಗುವವರೆಗೂ ಆಪರೇಷನ್ ಕೋಣೆಗೆ ಕಾಲಿಡುವುದಿಲ್ಲವೆಂದು ಹೇಳಿದರು. ದನಿ ನಡುಗಲಿಲ್ಲ. ಫೋನ್ ಇಟ್ಟು, ಆರಿದ ಕಾಫಿಯ ಲೋಟ ಎತ್ತಿಕೊಂಡರು. ಇಷ್ಟು ವರ್ಷ ಆ ಮನುಷ್ಯನ ಜಂಬ ಕಂಡಿದ್ದೆ. ಅದನ್ನು ಅವರು ತಾವಾಗಿಯೇ ಕೆಳಗಿಟ್ಟದ್ದನ್ನು ಅವತ್ತು ಕಂಡೆ. ನಾನು ಕಂಡ ಅತ್ಯಂತ ಧೈರ್ಯದ ಕೆಲಸ ಅದು.

ಪರೀಕ್ಷೆಯಲ್ಲಿ ಗೊತ್ತಾಯಿತು. ದಪ್ಪ ಸದ್ದುಗಳು ಕೇಳುತ್ತಿದ್ದವು, ಸಣ್ಣ ಚೂಪು ಸ್ವರಗಳು ಎಂದೋ ಹೋಗಿದ್ದವು. ಅವರ ಹಳೆಯ ಕೇಸುಗಳನ್ನೆಲ್ಲ ಆಸ್ಪತ್ರೆಯವರು ನೋಡಿದರು. ಯಾರಿಗೂ ತೊಂದರೆಯಾದದ್ದು ಸಿಗಲಿಲ್ಲ. "ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ" ಎನ್ನುತ್ತಿದ್ದರು ಭಾವ. ಆ ಮಾತು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮತ್ತೆ ಯಾರನ್ನೂ ಮಲಗಿಸಲಿಲ್ಲ. ಆಪರೇಷನ್ನಿಗೆ ಮೊದಲು ರೋಗಿಗಳನ್ನು ಮಾತಾಡಿಸಿ ಧೈರ್ಯ ಹೇಳುವ ಕೆಲಸಕ್ಕೆ ಕೂತರು. ಕಿವಿಗೆ ಯಂತ್ರ ಬಂತು. ಅಕ್ಕನ ಮಾತು ಆ ಯಂತ್ರದಲ್ಲೂ ಬೇಕಾದಾಗ ಮಾತ್ರ ಕೇಳುತ್ತಿತ್ತು.

ದೋಣಿಯನ್ನು ಅವರು ಬಿಡಲಿಲ್ಲ. ಮೂತಿ ಕತ್ತರಿಸಿ ಹೊಸದಾಗಿ ಕಟ್ಟಿದರು. ಮಗಳು ರಜೆಗೆ ಬಂದಾಗ ತಟ್ಟುತ್ತಿದ್ದಳು, ಭಾವ ಅವಳ ಮುಖ ನೋಡಿಕೊಂಡು ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಪಂದ್ಯದ ಸಂಖ್ಯೆಯನ್ನು ಅಳಿಸಿ, ಅಟ್ಲಾಂಟಾದ ಮುದುಕರನ್ನು ಕೇಳಿ ಅವರ ತಮ್ಮನ ಸಂಖ್ಯೆ ಬರೆಸಿದರು. ಕತ್ತರಿಸಿದ ಹಳೆಯ ಮೂತಿಯಲ್ಲಿ ಕಾಯಿಯ ಏಟು ಬಿದ್ದ ತುಂಡನ್ನು ಮಾತ್ರ ಎಸೆಯದೆ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿದರು.

ಭಾವ ತೀರಿಕೊಂಡದ್ದು ಎದೆಯ ಆಪರೇಷನ್ ಆದ ಮೇಲೆ, ಅವರೇ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ. ಒಳಗೆ ಕರೆದುಕೊಂಡು ಹೋಗುವ ಮೊದಲು ಅರಿವಳಿಕೆಯ ತರುಣ ಡಾಕ್ಟರೊಬ್ಬ ಬಂದು ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ. ಭಾವ ಅವನನ್ನು ದಿಟ್ಟಿಸಿ ನೋಡಿ, "ನಿನ್ನ ಕಿವಿ ಕೊನೆಯ ಸಲ ಯಾವಾಗ ಟೆಸ್ಟ್ ಮಾಡಿಸಿದೆ?" ಎಂದರು. ಅವನು ನಕ್ಕ. ಭಾವ ನಗಲಿಲ್ಲ, ಉತ್ತರ ಬರುವವರೆಗೂ ಕಾದರು. ಆ ತರುಣ ತನ್ನ ಕೆಲಸ ಸರಿಯಾಗಿಯೇ ಮಾಡಿದ, ಅವರನ್ನು ಎಬ್ಬಿಸಿಕೊಟ್ಟ. ಹೃದಯವೇ ಎರಡು ದಿನದ ಮೇಲೆ ಸಾಕೆಂದಿತು.

ಅಕ್ಕ ಈಗಲೂ ಆ ದೋಣಿಯನ್ನು ಮಾರಿಲ್ಲ. ಪ್ರತಿ ಆಯುಧಪೂಜೆಗೆ ಶೆಡ್ಡಿನ ಬಾಗಿಲು ತೆಗೆಯುತ್ತಾಳೆ. ದೋಣಿಗೆ ಹೂವಿಟ್ಟು, ಆಮೇಲೆ ಗೋಡೆಯ ಮೇಲಿನ ಆ ತುಂಡಿಗೆ, ಬಣ್ಣ ಸಿಡಿದ ಜಾಗಕ್ಕೇ ಕುಂಕುಮ ಇಡುತ್ತಾಳೆ. ಕಾಯಿಯನ್ನು ಹೊರಗೆ ಕಲ್ಲಿಗೆ ಒಡೆಯುತ್ತಾಳೆ. ಹೋದ ವರ್ಷ ಅವಳ ಮಗಳು ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಆ ಮಗುವಿನ ಪುಟ್ಟ ಬೆರಳನ್ನು ದೋಣಿಯ ಮೇಲೆ ಚಪ್ಪಟೆಯಾಗಿ ಇಟ್ಟು, ತನ್ನ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಳು. "ಕೇಳ್ತಾ, ಪುಟ್ಟ?" ಎಂದಳು. ಮಗುವಿಗೆ ಏನು ಕೇಳಿಸಿತೋ, ನಕ್ಕಿತು. ಅಕ್ಕ ಮತ್ತು ನಾನು ಮುಖ ತಿರುಗಿಸಿ ಅತ್ತೆವು.